ಬಿಸಿಲು ಕಂಡ ರೀಲು

ದಿನಕರ್ಮ ಮುಗಿದು ನೆಂಟರೆಲ್ಲ ಹೊರಟುಹೋಗಿದ್ದರು. ಶಲವಡಿಯ ಆ ಮನೆಯಲ್ಲಿ ಮರುದಿನದ ಬೆಳಗು ಎಂದಿನಂತೆಯೇ ಆಯಿತು.

"ಅಂವನ ಸಾಮಾನೆಲ್ಲಾ ಅಂಗಳಕ್ಕ ತಗಿಬೇ," ಎಂದಳು ಅತ್ತೆ ದುಂಡವ್ವ. "ಮುಚ್ಚಳ ಇದ್ದದ್ದೆಲ್ಲಾ ಬಾಯಿ ತಗದ ಇಡು. ಬಿಸಲು ಒಳಗ ಹೋಗಬೇಕು."

ಆ ಮನೆತನದ ಪದ್ಧತಿ ಅದು. ಸತ್ತವರ ವಸ್ತುವಿಗೆ ಬಿಸಿಲು ತೋರಿಸದೆ ಯಾರೂ ಬಳಸುವಂತಿಲ್ಲ. ನೀಲಕ್ಕ ಟ್ರಂಕು ತೆರೆದಳು, ಗಂಡ ಹೊಳೆಯಪ್ಪನ ಚಾಳೀಸಿನ ಡಬ್ಬಿ ತೆರೆದಳು, ಎಲೆಅಡಿಕೆ ಚೀಲದ ಬಾಯಿ ಬಿಚ್ಚಿದಳು. ಅದೇ ಕೈಯಿಂದ ಕ್ಯಾಮೆರಾದ ಬೆನ್ನನ್ನೂ ತೆರೆದು ಕೌದಿಯ ಮೇಲಿಟ್ಟಳು. ಬೂಟು ತರಲು ಒಳಗೆ ಹೋದಾಗ ಅದರಲ್ಲಿ ರೀಲಿರುವುದು ನೆನಪಾಯಿತು. ಓಡಿ ಬಂದು ಮುಚ್ಚುವಷ್ಟರಲ್ಲಿ ರೀಲು ಬಿಸಿಲು ಕಂಡಾಗಿತ್ತು.

"ಏನಾತು?"

"ಏನಿಲ್ರಿ ಅತ್ತಿ."

ಹೊಳೆಯಪ್ಪ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದ. ಪಠ್ಯಪುಸ್ತಕದಲ್ಲಿ ಜ್ವಾಲಾಮುಖಿಯೂ ಹಿಮನದಿಯೂ ಒಂದೇ ರೀತಿ ಮಸಿ ಮೆತ್ತಿದಂತೆ ಕಾಣುತ್ತವೆಂದು ಅವನಿಗೆ ಸಿಟ್ಟು. ಎಂಬತ್ತಮೂರರ ಬೇಸಿಗೆ ರಜೆಯಲ್ಲಿ ತಾನೇ ಫೋಟೋ ತೆಗೆದು ತರುತ್ತೇನೆಂದು, ಅಣ್ಣಿಗೇರಿಯಲ್ಲಿ ಸ್ಟುಡಿಯೋ ನಡೆಸುವ ಮಲಿಕಾಬಿಯಿಂದ ಕ್ಯಾಮೆರಾ ಎರವಲು ತಂದ. ಪುಣೆಯ ಆಚೆ ಲಾವಾ ಹರಿದು ಮೆಟ್ಟಿಲು ಮೆಟ್ಟಿಲಾಗಿ ಗಟ್ಟಿಯಾದ ಗುಡ್ಡಗಳು, ಅಲ್ಲಿಂದ ಗಂಗೋತ್ರಿಯ ಹಿಮನದಿ.

"ನೀನೂ ಬಾ," ಎಂದಿದ್ದ.

"ಕಲ್ಲು, ಬರ್ಫ ನೋಡಾಕ ಅಷ್ಟ ದೂರ ಯಾಕ್ರಿ?" ಎಂದು ಆಕೆ ನಕ್ಕಿದ್ದಳು. ಧಾರವಾಡದಲ್ಲಿ ಚರಿತ್ರೆಯ ಎಂ.ಎ. ಮಾಡಿದವಳು, ಶಾಸನವಿಲ್ಲದ ಕಲ್ಲಿನ ಮೇಲೆ ಆಕೆಗೆ ಆಸಕ್ತಿಯಿರಲಿಲ್ಲ.

ಒಬ್ಬನೇ ಹೋದವನು ಎದೆಯಲ್ಲಿ ಕಫ ಕಟ್ಟಿಕೊಂಡು ತಿರುಗಿ ಬಂದ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಲಗಿದಾಗಲೂ ಕಂಡದ್ದನ್ನು ಹೇಳಲಿಲ್ಲ. "ಬಾಯಿಲೆ ಹೇಳಿದ್ರ ರುಚಿ ಹೋಗತೈತಿ. ರೀಲ ತೊಳಸೂಣು, ನೀನ ನೋಡುವಂತಿ." ಆಕೆಯೂ ಒತ್ತಾಯಿಸಲಿಲ್ಲ. ಆ ಮಂಚದಿಂದ ಅವನು ಏಳಲಿಲ್ಲ.

"ಎರವಲು ತಂದದ್ದು ಮನ್ಯಾಗ ಉಳೀಬಾರದು. ಕೊಟ್ಟ ಬಾ," ಎಂದಳು ದುಂಡವ್ವ. ನೀಲಕ್ಕ ಅಂದೇ ಮಧ್ಯಾಹ್ನ ಅಣ್ಣಿಗೇರಿಯ ಬಸ್ಸು ಹತ್ತಿದಳು.

ಮಲಿಕಾಬಿ ಸ್ಟೂಲು ಎಳೆದು ಕೂರಿಸಿದಳು. "ಅಗದಿ ಕೆಟ್ಟಾತವ್ವಾ."

"ಚಾಚಿ, ಒಳಗ ರೀಲ ಐತ್ರಿ. ಇನ್ನೂ ಪೂರ್ತಿ ಮುಗದಿಲ್ಲ. ನಾ ಅದನ್ನ ಬಿಸಲಾಗ ತಗದ ಇಟ್ಟೆ."

"ಹಪ್ಪಳ ಏನ ಅದು, ಒಣಗಸಾಕ? ಅಷ್ಟ ಕಲತಾಕಿ—" ಮಲಿಕಾಬಿ ನಾಲಿಗೆ ಕಚ್ಚಿಕೊಂಡಳು. "ಇರ್ಲಿ. ಹೊರಗಿನ ಸುತ್ತು ಹೋಗಿರತಾವ. ಮೊದಲ ತಗದದ್ದು ಒಳಗಿನ ಸುತ್ತಿನಾಗ ಇರತೈತಿ. ಉಳದಿದ್ರ ಅದಷ್ಟ."

ಕತ್ತಲೆಕೋಣೆಯ ಬಾಗಿಲು ಮುಚ್ಚಿತು. ನೀಲಕ್ಕ ಗೋಡೆಯ ಮೇಲಿನ ಮದುವೆ ಫೋಟೋಗಳನ್ನು ನೋಡದೆ ಕುಳಿತಳು.

ಮಲಿಕಾಬಿ ಒದ್ದೆ ರೀಲು ಹಿಡಿದು ಬಂದಳು. ಹಿಮನದಿಯ ಭಾಗವೆಲ್ಲ ಕಪ್ಪಾಗಿಹೋಗಿತ್ತು. ಲಾವಾದ ಗುಡ್ಡಗಳೂ ಉಳಿದಿರಲಿಲ್ಲ. ತುದಿಯಲ್ಲಿ ಒಂದೇ ಒಂದು ಚಿತ್ರ.

ಹೊರಡುವ ಹಿಂದಿನ ದಿನ ತೆಗೆದದ್ದು. "ಈ ಎರಿ ಮಣ್ಣೂ ಬೆಂಕಿಯಿಂದ ಹುಟ್ಟಿದ್ದು. ಇಲ್ಲಿಂದನ ಸುರು," ಎಂದು ಬಿರುಕು ಬಿಟ್ಟ ಹೊಲದಲ್ಲಿ ಅವನು ಆಕೆಯನ್ನು ನಿಲ್ಲಿಸಿದ್ದ. "ಒಲಿ ಮ್ಯಾಲ ಬ್ಯಾಳಿ ಇಟ್ಟ ಬಂದೀನಿ, ಬಿಡ್ರಿ," ಎಂದು ಆಕೆ ಮುಖಕ್ಕೆ ಅಂಗೈ ಅಡ್ಡ ಹಿಡಿದಿದ್ದಳು. ನೆಗೆಟಿವಿನಲ್ಲಿ ಕರಿಮಣ್ಣು ಬೆಳ್ಳಗೆ, ದೂರದವರೆಗೂ ಹಿಮ ಬಿದ್ದಂತೆ ಹಬ್ಬಿತ್ತು. ನಡುವೆ ಮುಖವಿಲ್ಲದ ಹೆಂಗಸು, ಬೇಡವೆನ್ನುವ ಕಪ್ಪು ಕೈ.

"ಪ್ರಿಂಟ ಹಾಕ್ಲೇನು? ಮಣ್ಣ ಮತ್ತ ಕರ್ರಗ ಬರತೈತಿ."

"ಬ್ಯಾಡ್ರಿ. ಹಿಂಗ ಇರ್ಲಿ."

ಮಲಿಕಾಬಿ ಆ ತುಂಡನ್ನು ಕತ್ತರಿಸಿ ಕಾಗದದಲ್ಲಿ ಸುತ್ತಿಕೊಟ್ಟಳು. "ಅಲ್ಲಿ ಹೆಂಗಿತ್ತಂತ? ಮಾಸ್ತರ ಏನರ ಹೇಳಿದ್ರೇನು?"

"ನಾ ಕೇಳಲಿಲ್ರಿ."

ನೀಲಕ್ಕ ಸೆರಗಿನಿಂದ ಕ್ಯಾಮೆರಾ ಒರೆಸಿದಳು. ಅದರ ಬೆನ್ನು ಸರಿಯಾಗಿ ಮುಚ್ಚಿದೆಯೇ ಎಂದು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಮತ್ತೊಮ್ಮೆ ಒತ್ತಿದಳು. ಆಮೇಲೆ ಮಲಿಕಾಬಿಯ ಕೈಗೆ ಕೊಟ್ಟಳು.