ಅತ್ತೆಯ ತವರಿನ ಬೀಸೋಕಲ್ಲು

ಕೊಡಗು ಆಗ ತನ್ನ ಪಾಡಿಗೆ ತಾನೇ ಒಂದು ರಾಜ್ಯ. ನಾವು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಹೊಲ ಮಾಡಿಕೊಂಡಿದ್ದವರು. ನಾನು ಮದುವೆಯಾಗಿ ಆ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ.

ನಮ್ಮ ಯಜಮಾನರು ಎಸ್ಟೇಟಿನ ಕಾಫಿ ಮೂಟೆ ಸಾಗಿಸಲು ಗಾಡಿ ಹೊಡೆಯುತ್ತಿದ್ದರು. ಒಂದು ಮಧ್ಯಾಹ್ನ ಎಸ್ಟೇಟಿನ ಲೆಕ್ಕ ಬರೆಯುವ ರೈಟರಾದ ಪೊನ್ನಪ್ಪನವರನ್ನು ಊಟಕ್ಕೆ ಕರೆದುಕೊಂಡು ಬಂದರು. ಅವರು ಕೊಡವರು, ಅನ್ನ ಉಣ್ಣುವವರು. ಮುದ್ದೆಯೇ ಬೇಕೆಂದು ಅವರೇ ಕೇಳಿದ್ದರಂತೆ. ಬಿಸಿ ಮುದ್ದೆ, ಹುರುಳಿ ಸಾರು ಬಡಿಸಿದೆ.

ನಾವೆಲ್ಲ ಮುದ್ದೆ ಮುರಿದು, ಸಾರಿಗೆ ಅದ್ದಿ, ನುಂಗುವವರು. ಮುದ್ದೆಯನ್ನು ಯಾರಾದರೂ ಅಗಿಯುತ್ತಾರೆಯೇ? ಪೊನ್ನಪ್ಪನವರು ಅಗಿದರು. ಅನ್ನ ಅಗಿದ ಹಾಗೆ ನಿಧಾನವಾಗಿ. ಕರಕ್ ಎಂದಿತು. ಒಲೆ ಹತ್ತಿರ ನಿಂತಿದ್ದ ನನಗೂ ಕೇಳಿಸಿತು.

"ಏನಕ್ಕ, ಮುದ್ದೆಗೆ ಕಲ್ಲುಪ್ಪು ಹಾಗೇ ಹಾಕ್ತೀರಾ?" ಎಂದು ನಕ್ಕರು. ಒಳ್ಳೆಯ ಮನುಷ್ಯ, ತಟ್ಟೆ ಪೂರ್ತಿ ಖಾಲಿ ಮಾಡಿಯೇ ಎದ್ದರು.

ಅವರು ಗೇಟು ದಾಟಿದ್ದೇ ತಡ, ನಮ್ಮತ್ತೆ ಹುಚ್ಚಮ್ಮ ನನ್ನ ಕಡೆ ತಿರುಗಿದರು. "ಬೋರಿ, ರಾಗಿ ಕೇರ್ತೀಯೋ, ಮೊರ ಹಿಡ್ಕಂಡು ಕನಸು ಕಾಣ್ತೀಯೋ?"

"ಎರಡು ಸಲ ಕೇರಿದ್ದೆ ಅತ್ತೆ."

"ಹಂಗಾದ್ರೆ ಮರಳು ಆಕಾಶದಿಂದ ಉದುರ್ತಾ?"

ಯಜಮಾನರು ಬಾಯಿ ಹಾಕಿದರು. "ಅವ್ವ, ಕಲ್ಲು ಸವೆದಿದೆ. ಅದೇ ಉದುರ್ತಿರಬೇಕು. ಸಂತೇಲಿ ಹೊಸದು ತರ್ತೀನಿ."

ಆ ಮಾತು ಆಡಬಾರದಿತ್ತು. ಆ ಬೀಸೋಕಲ್ಲು ಅತ್ತೆಯ ತವರಿನದು. ಅರಕಲಗೂಡಿನಿಂದ ಗಾಡಿಯಲ್ಲಿ, ಹುಲ್ಲು ಹಾಸಿ, ಮಗುವನ್ನು ಮಲಗಿಸಿದ ಹಾಗೆ ತಂದಿದ್ದರು. "ಇಷ್ಟು ವರ್ಷ ನಿನ್ನ ಸಾಕಿದ್ದು ಇದೇ ಕಲ್ಲು. ಆಗ ಇಲ್ಲದ ಮರಳು ಇವಳು ಬಂದ ಮೇಲೆ ಬಂತಾ? ಇನ್ನು ಹಿಟ್ಟಿನ ಕೆಲಸ ನಾನೇ ನೋಡ್ಕತೀನಿ. ಬೋರಿ, ನೀನು ದನ ನೋಡ್ಕೋ."

ಹೊಸ ಸೊಸೆಯಿಂದ ಮೊರ ಕಿತ್ತುಕೊಂಡರೆ ಕೇರಿಯವರು ಏನಂದುಕೊಳ್ಳುತ್ತಾರೆ? ನನ್ನ ತವರಿಗೂ ಮಾತು ಮುಟ್ಟುತ್ತದೆ. ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಾ ಅದನ್ನೇ ಯೋಚಿಸುತ್ತಿದ್ದೆ. ಕಲ್ಲಿನ ತಪ್ಪು ಎಂದಾದರೆ ನಾನು ಉಳಿದೆ, ಅತ್ತೆಯ ತವರಿಗೆ ಕೆಟ್ಟ ಹೆಸರು. ಕಲ್ಲಿನದಲ್ಲ ಎಂದಾದರೆ ನನ್ನದು. ಅಥವಾ ಮರಳು ಮೊದಲಿಂದಲೂ ಇತ್ತೇನೋ, ನುಂಗುವವರಿಗೆ ಹೇಗೆ ತಿಳಿಯಬೇಕು? ರಾತ್ರಿ ಉಣ್ಣುವಾಗ ನಾನೇ ಒಂದು ತುತ್ತು ಅಗಿದು ನೋಡಿದೆ. ಕರಕ್ ಎಂದ ಹಾಗಾಯಿತು. ಇನ್ನೊಂದು ಅಗಿದೆ. ಏನೂ ಇಲ್ಲ.

ಅತ್ತೆ ತಾವೇ ಕೇರಿ, ತಾವೇ ಬೀಸಿದರು. ಆ ಹಿಟ್ಟಿನಲ್ಲಿ ರೊಟ್ಟಿ ತಟ್ಟಿಸಿ ಮಗನಿಗೆ ಕೊಟ್ಟರು. ಯಜಮಾನರು ಅಗಿದು, ನನ್ನ ಮುಖ ನೋಡಿ, ಅವ್ವನ ಮುಖ ನೋಡಿ, ಪಕ್ಕದ ತೆಂಗಿನ ಮರ ನೋಡಿದರು.

"ಇದೆಯೇನೋ?"

"ಒಂಚೂರು ಇದೆ ಅವ್ವ."

"ರಾಗಿ ಬಡಿಯೋವಾಗ ಕಣಾನೇ ಸರಿಯಾಗಿ ಸಾರಿಸಿಲ್ಲ ಇವಳು" ಎಂದರು ಅತ್ತೆ. ಆದರೆ ದನಿ ಮೊದಲಿನಷ್ಟು ಗಟ್ಟಿಯಿರಲಿಲ್ಲ.

ಆಮೇಲೆ ಸವೆದ ಬೀಸೋಕಲ್ಲನ್ನು ಉಳಿಯಿಂದ ಕುಟ್ಟಿ ಒರಟು ಮಾಡುವ ಕೆಂಚನನ್ನು ಕರೆಸಿದರು. ಅವನು ಮೇಲಿನ ಕಲ್ಲು ಎತ್ತಿ, ಬೆರಳಾಡಿಸಿ, ಎಲೆ ಅಡಿಕೆ ಹಾಕಿಕೊಂಡು ಕೂತ.

"ಕುಟ್ಟಿದ್ರೆ ಸರಿಯಾಗುತ್ತೇನೋ, ಇಲ್ಲ ಹೊಸದೇ ತರಬೇಕಾ?" ಯಜಮಾನರು ಕೇಳಿದರು.

"ಕುಟ್ಟಿದ್ರೆ ಒಂದಷ್ಟು ದಿನ ಮರಳು ಬರುತ್ತೆ ಬುದ್ಧಿ. ಹೊಸದು ತಂದ್ರೂ ಬರುತ್ತೆ. ಹಂಗೇ ಬಿಟ್ರೂ ಬರಬೋದು."

"ಮತ್ತೆ ಏನಪ್ಪಾ ಮಾಡೋದು?"

"ಅದು ನೀವೇ ಹೇಳ್ಬೇಕು. ನಾನು ಕುಟ್ಟೋನು."

ಅತ್ತೆ ಕುಟ್ಟು ಎಂದರು. ಕುಟ್ಟಿದ. ಕಲ್ಲಿನ ಪುಡಿ ಹೋಗಲೆಂದು ಹೊಟ್ಟು ಬೀಸಿ ಚೆಲ್ಲಿದೆವು, ಮತ್ತೆ ಬೀಸಿ ಚೆಲ್ಲಿದೆವು. ಆಮೇಲಿನ ಹಿಟ್ಟಿನಲ್ಲಿ ಮರಳು ಹೆಚ್ಚೇ ಆಗಿತ್ತೋ, ನಾವು ಅದನ್ನೇ ಹುಡುಕುತ್ತಿದ್ದೆವೋ ತಿಳಿಯಲಿಲ್ಲ. ಅಷ್ಟರಲ್ಲಿ ಮನೆಯವರೆಲ್ಲ ಮುದ್ದೆ ಅಗಿಯಲು ಕಲಿತಿದ್ದೆವು. ಉಂಡ ಹಾಗೇ ಆಗುತ್ತಿರಲಿಲ್ಲ.

ಕೊನೆಗೆ ಯಜಮಾನರು ಕುಶಾಲನಗರದ ಮಿಲ್ಲಿನಲ್ಲಿ ರಾಗಿ ಬೀಸಿಸಲು ಹೊರಟರು. ಅತ್ತೆಗೆ ಸೊಂಟ ಹಿಡಿದಿತ್ತು, ಹಾಗಾಗಿ ಆ ರಾಗಿ ನಾನೇ ಕೇರಿದೆ. ಹಿಟ್ಟು ಬಂದಾಗ ಇನ್ನೂ ಬೆಚ್ಚಗಿತ್ತು, ಎಣ್ಣೆಯ ವಾಸನೆ. ಮುದ್ದೆ ಮಾಡಿದೆ. ಅತ್ತೆ ಒಂದು ತುತ್ತು ಬಾಯಿಗಿಟ್ಟು, ಇದ್ದ ನಾಲ್ಕು ಹಲ್ಲಿನಲ್ಲೇ ಬಹಳ ಹೊತ್ತು ಅಗಿದರು. ನಾನು ಸೆರಗು ಹಿಡಿದು ನಿಂತಿದ್ದೆ.

ಕರಕ್.

"ಮಿಲ್ಲಿನದ್ರಲ್ಲೂ ಐತೆ ಕಣೇ!" ಎಂದರು ಅತ್ತೆ. ಮುಖ ಅರಳಿತು. "ಹಂಗಾದ್ರೆ ನನ್ನ ಕಲ್ಲಿಂದಲ್ಲ."

ಕಲ್ಲಿನದಲ್ಲ ಎಂದ ಮೇಲೆ ಇನ್ನು ಯಾರದು? ಅವರು ಲೆಕ್ಕ ಹಾಕುವ ಮೊದಲೇ ನಾನೇ ಹೇಳಿಬಿಟ್ಟೆ. ಯಾಕೆ ಹೇಳಿದೆನೋ ಈಗಲೂ ಗೊತ್ತಿಲ್ಲ. "ಆದ್ರೆ ಅತ್ತೆ, ಈ ರಾಗಿ ಕೇರಿದ್ದು ನಾನು."

ಅತ್ತೆ ಅಗಿಯುವುದನ್ನು ನಿಲ್ಲಿಸಿದರು. ನನ್ನನ್ನೇ ನೋಡಿದರು.

"ನಾನು ಕೇರಿದ್ರಲ್ಲೂ ಇತ್ತಲ್ಲ" ಎಂದರು.

"ಅದು ಕಲ್ಲಿಂದ ಇರಬೋದು..."

"ಕಲ್ಲಿಂದಲ್ಲ ಅಂತ ಈಗ ತಾನೇ ಹೇಳ್ಲಿಲ್ವಾ? ಸುಮ್ನಿರೇ, ತಲೆ ಕೆಡಿಸಬೇಡ. ನಿನ್ನ ಮೇಲೆ ನೀನೇ ಚಾಡಿ ಹೇಳ್ತೀಯಲ್ಲ, ಎಂಥ ಹುಡುಗಿ ನೀನು!"

ಹೊರಗಿನಿಂದ ಯಜಮಾನರು ಕೂಗಿ ಕೇಳಿದರು, "ಅವ್ವಾ, ಹೊಸ ಕಲ್ಲು ತರ್ಲೋ, ಮಿಲ್ಲೇ ಆಗ್ಲೋ?"

"ಮೊದ್ಲು ಊಟ ಮಾಡಕ್ಕೆ ಬಿಡೋ!"

ಅತ್ತೆ ಉಳಿದ ತುತ್ತು ನುಂಗಿದರು. ಅಗಿಯಲಿಲ್ಲ. ತಟ್ಟೆಗೆ ಇನ್ನರ್ಧ ಮುದ್ದೆ ಹಾಕು ಎಂದರು. ಹಾಕಿದೆ.

"ನಾಳೆಗೆ ರಾಗಿ ಕೇರಬೇಕು, ಬೋರಿ" ಎಂದರು, ಸಾರು ಸುರಿದುಕೊಳ್ಳುತ್ತಾ. "ದನ ನಾನು ನೋಡ್ಕತೀನಿ."