ಕೇಳುವ ತನಕ

ಗಂಗಕ್ಕ ಬಿಸ್ಕತ್ತನ್ನು ಮಗುವಿನ ಬಾಯಿಗೆ ಇಡುವಷ್ಟರಲ್ಲಿ ಚಿತ್ರಾ ಕೈ ಅಡ್ಡ ತಂದಳು.

"ಬ್ಯಾಡ ಚಿಕ್ಕತ್ತೆ. ಸ್ವಲ್ಪ ದೂರ ಹಿಡ್ಕಂಡು ತೋರ್ಸ್ರಿ. ಅವಳೇ ಕೇಳ್ಲಿ."

"ಕೇಳಾಕೆ ಇದುಕ್ಕೆ ಮಾತು ಬರ್ತೈತೇನೆ?"

"ಮಾತು ಬ್ಯಾಡ. ಕೈ ಚಾಚಿದ್ರೆ ಸಾಕು."

ಗಂಗಕ್ಕ ಕಣ್ಣೊರೆಸಿಕೊಳ್ಳುವುದನ್ನು ಅರ್ಧಕ್ಕೇ ನಿಲ್ಲಿಸಿದಳು. "ನಮ್ಮಕ್ಕನ ಹೆಣ ಇನ್ನೂ ಪಡಸಾಲೇಲಿ ಕುಂತೈತೆ. ಇವತ್ತೂ ನಿನ್ನ ಕಾಯ್ದೆನಾ?" ಎಂದವಳೇ ಬಿಸ್ಕತ್ತನ್ನು ಮಗುವಿನ ಬಾಯಿಗೆ ತುರುಕಿಬಿಟ್ಟಳು. ಚೌಡೇಶ್ವರಿ ಎರಡು ಕೈಯನ್ನೂ ತೊಡೆಯ ಮೇಲೆ ಬಿಟ್ಟುಕೊಂಡು ಸುಮ್ಮನೆ ಅಗಿಯತೊಡಗಿದಳು.

ಸತ್ತವಳು ಬೋರಕ್ಕ, ಚಿತ್ರಾಳ ಅತ್ತೆ. ಹಿಂದಿನ ಸಂಜೆ ಕುರಿರೊಪ್ಪದ ಬಾಗಿಲು ಹಾಕಿ ಬಂದವಳು ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕೂತಳು. ಹೊಳಲ್ಕೆರೆಯ ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಬೆಳಗಿನಿಂದ ಚಿಕ್ಕಜಾಜೂರಿನಲ್ಲಿ ರೈಲಿಳಿದವರು, ತುರುವನೂರಿನ ಕಡೆಯಿಂದ ಟೆಂಪೋ ಮಾಡಿಕೊಂಡು ಬಂದವರು ಹೆಣದ ಮುಂದೆ ಒಂದು ಗಳಿಗೆ ಅತ್ತು, ಆಮೇಲೆ ನೇರ ಬಂದು ಚೌಡಿಯನ್ನು ಎತ್ತಿಕೊಳ್ಳುತ್ತಿದ್ದರು. ಎರಡು ವರ್ಷ ತುಂಬಿ ಎಷ್ಟೋ ತಿಂಗಳಾದರೂ ನಡೆಯದ, ಮಾತಾಡದ, ಬೇಕಾದ್ದಕ್ಕೆ ಕೈ ಕೂಡ ಚಾಚದ ಕೂಸು. ಕಣ್ಣೀರು ಹಾಕಲು ಇಷ್ಟು ಅನುಕೂಲದ ವಸ್ತು ಆ ಮನೆಯಲ್ಲಿ ಇನ್ನೊಂದಿರಲಿಲ್ಲ. ಒಬ್ಬರು ಬಾಳೆಹಣ್ಣು ಸುಲಿದು ತಿನ್ನಿಸಿದರು, ಇನ್ನೊಬ್ಬರು ಬಾಯಾರಿಕೆಯೋ ಏನೋ ಎಂದು ನೀರು ಕುಡಿಸಿದರು. ಸೊಂಟದಿಂದ ಸೊಂಟಕ್ಕೆ ಹೋಗುತ್ತಿದ್ದ ಮಗುವಿನ ಪಾದ ನೆಲ ಮುಟ್ಟಿರಲಿಲ್ಲ.

"ಅತ್ತೆ ಇದ್ಲು, ಕೂಸು ಬದುಕ್ತು. ಇನ್ನು ಇವಳ ಕೈಯಾಗೆ ಏನ್ ಗತಿಯೋ," ಎಂದು ಬಾಗಿಲ ಹತ್ತಿರ ಯಾರೋ ಪಿಸುಗುಟ್ಟಿದರು. ಚಿತ್ರಾಳಿಗೆ ಕೇಳಿಸಲಿ ಎಂದೇ ಪಿಸುಗುಟ್ಟಿದ್ದು.

ಅವಳಿಗೆ ಅಳು ಬರಬೇಕಾದ ಹೊತ್ತಿನಲ್ಲೆಲ್ಲ ರೇಗುತ್ತಿತ್ತು. ಬಂದವರ ಮೇಲೆ ರೇಗುತ್ತಿತ್ತು, ಎಲ್ಲರಿಗಿಂತ ಹೆಚ್ಚಾಗಿ ಗೋಡೆಗೊರಗಿ ಹೂವಿನ ಹಾರ ಹಾಕಿಸಿಕೊಂಡು ಕೂತಿದ್ದವಳ ಮೇಲೆ ರೇಗುತ್ತಿತ್ತು.

*

ನಡಿಗೆ, ಮಾತು ತಡವಾದ ಮಕ್ಕಳಿಗೆಂದು ಚಿತ್ರದುರ್ಗದಲ್ಲಿದ್ದ ಕೇಂದ್ರದಿಂದ ಆಶಾರಾಣಿ ಮೊದಲ ಸಲ ಮನೆಗೆ ಬಂದಾಗ ಬೋರಕ್ಕ ಅವಳ ಚೀಲವನ್ನೇ ನೋಡುತ್ತಿದ್ದಳು.

"ಔಸ್ದಿ ಏನೂ ತಂದಿಲ್ವೇನವ್ವಾ?"

"ಇಲ್ಲ ಅಜ್ಜಿ. ಮನೇಲಿ ದಿನಾ ನಡೆಯೋ ಊಟ, ಸ್ನಾನ, ಆಟ, ಇವೇ ಔಷಧಿ. ನಾನು ವಾರಕ್ಕೊಂದ್ಸಲ ಬರೋಳು, ನೀವು ದಿನವೆಲ್ಲ ಜೊತೇಲಿರೋರು. ನಾನು ಕಲಿಸೋದು ಮಗೂಗಲ್ಲ, ನಿಮಗೆ."

"ನಂಗಾ?" ಬೋರಕ್ಕ ಸೊಸೆಯ ಕಡೆ ತಿರುಗಿದಳು. "ಇಷ್ಟು ಮಕ್ಕಳ್ನ ಸಾಕಿದೋಳಿಗೆ ಈ ಹುಡುಗಿ ಕಲಿಸ್ತಾಳಂತೆ. ಕೇಳ್ಸ್ಕಂಡೇನೆ?"

ಆಶಾರಾಣಿ ಹೇಳಿದ್ದು ಇಷ್ಟೇ: ಬೇಕಾದ್ದನ್ನು ಮಗು ಹೇಗಾದರೂ ಕೇಳುವ ತನಕ ಕಾಯಿರಿ, ಕೇಳಿದ ತಕ್ಷಣ ಕೊಡಿ. ಬೋರಕ್ಕನಿಗೆ ಇದು ಮೈಮೇಲೆ ಬಿಸಿನೀರು ಸುರಿದಂತಾಯಿತು. ಮೊಮ್ಮಗಳ ರೆಪ್ಪೆ ಅಲ್ಲಾಡಿದರೆ ಹಸಿವು, ತುಟಿ ಒಣಗಿದರೆ ನೀರು ಎಂದು ತಿಳಿಯುತ್ತಿದ್ದವಳು ಅವಳು. ಕೇಳುವ ಪ್ರಸಂಗವೇ ಬರದಂತೆ ಸಾಕಿದ್ದೇ ಅವಳ ಹೆಮ್ಮೆ. ಕೂಸು ಅಳುತ್ತಿದ್ದರೆ ನೋಡಿಕೊಂಡು ಕೂರಲು ತಾನೇನು ರಾಕ್ಷಸಿಯೇ ಎಂದು ಊರೆಲ್ಲ ಹೇಳಿಕೊಂಡು ಬಂದಳು.

ಒಂದು ವಾರ ಆಶಾರಾಣಿ ಬಂದಾಗ ಬೋರಕ್ಕ ರೊಪ್ಪದಲ್ಲಿದ್ದಳು. ಅವತ್ತೇ ಹುಟ್ಟಿದ ಮರಿಯೊಂದು ಕಾಲೂರಲಾಗದೆ ಕುಸಿಯುತ್ತಿತ್ತು.

"ಇಂಥ ಮರೀಗೆ ಏನ್ ಮಾಡ್ತೀರಿ ಅಜ್ಜಿ?"

"ಹೊಟ್ಟೆ ಕೆಳಗೆ ಕೈ ಕೊಟ್ಟು ತಾಯಿ ಪಕ್ಕ ನಿಲ್ಸೋದು. ಕೆಚ್ಚಲು ಅದೇ ಹುಡುಕ್ಕಬೇಕು. ನಾವೇ ಬಾಯಿಗೆ ಹಿಂಡ್ತಾ ಹೋದ್ರೆ ಅದು ಕಲಿಯಾದು ಯಾವಾಗ?"

ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದೇನೆಂದು ಬೋರಕ್ಕನಿಗೆ ಹೊಳೆಯಿತು. ಆಶಾರಾಣಿ ನಗಲಿಲ್ಲ. ಅದಕ್ಕೇ ಬೋರಕ್ಕನಿಗೆ ಇನ್ನಷ್ಟು ಸಿಟ್ಟು ಬಂದು, ಅವತ್ತು ಅವಳಿಗೆ ಟೀ ಕೂಡ ಕೊಡದೆ ಕಳಿಸಿದಳು.

ಮನೆಯ ನೆಮ್ಮದಿ ಹೋಗಿದ್ದು ಅಲ್ಲಿಂದಲೇ. ಬಸ್ಸು ನಿಲ್ಲುವ ತನಕವೂ ಕಾಯದೆ ಇಳಿಯುತ್ತಿದ್ದ ಬೋರಕ್ಕ ಈಗ ತುತ್ತನ್ನು ಮಗುವಿನ ಕಣ್ಣೆದುರು ಹಿಡಿದು ಕೂತರೆ ಕೂತಳೇ. ಮುದ್ದೆ ಆರಿ ಗಟ್ಟಿಯಾಗುತ್ತಿತ್ತು. ಹೊಳಲ್ಕೆರೆಯ ಬಟ್ಟೆ ಅಂಗಡಿಯಲ್ಲಿ ದಿನವೆಲ್ಲ ನಿಂತು ಬಂದ ಚಿತ್ರಾಳಿಗೆ ಈ ಕಾಯುವಿಕೆ ನೋಡಲಾಗುತ್ತಿರಲಿಲ್ಲ.

"ಕೊಟ್ಬಿಡ್ರತ್ತೆ, ಹಸಿದೈತೆ."

"ಮುಟ್ಟಿದ್ರೆ ನೋಡು! ಬೆರಳು ಅಲ್ಲಾಡ್ತು ಕಣೆ ಈಗ."

"ನೊಣ ಓಡ್ಸಿದ್ದು ಅದು."

"ನಿಂಗೆ ಕಣ್ಣಿಲ್ಲ. ನನ್ನ ಕಡೆ ಕೈ ಚಾಚ್ತಾಳೆ ನೋಡ್ತಿರು, ಇವತ್ತಲ್ಲ ನಾಳೆ."

ಕಾಯುವುದನ್ನು ಮನೆಮಂದಿಗೆಲ್ಲ ಬೈದು ಬೈದು ಕಲಿಸಿದವಳು ಕೊನೆಗೆ ತಾನೇ ಕಾಯದೆ ಎದ್ದು ಹೋಗಿದ್ದಳು. ಚಿತ್ರಾಳಿಗೆ ಇದನ್ನು ಕ್ಷಮಿಸಲು ಆಗುತ್ತಿರಲಿಲ್ಲ.

*

"ಹೊತ್ತು ಮುಳುಗೋದ್ರೊಳಗೆ ಮಣ್ಣು ಮುಗೀಬೇಕು, ಬೇಗ ಬರ್ರಿ," ಎಂದು ಬೋರಕ್ಕನ ತಮ್ಮ ಕಾಟಲಿಂಗಪ್ಪ ಹೊಲದ ಬದುವಿನ ಮೇಲೆ ನಿಂತು ಕೂಗುತ್ತಿದ್ದ. ತಮಟೆಯವರನ್ನು ಬೈದು, ಹೆಣ ಹೊತ್ತವರನ್ನು ಬೈದು, ಕುಣಿ ಸಣ್ಣದಾಯಿತೆಂದು ತೋಡಿದವರನ್ನೂ ಬೈದು ಅವನ ಗಂಟಲು ಬಿದ್ದುಹೋಗಿತ್ತು. ಅಕ್ಕನ ಅವಸರವೆಲ್ಲ ಇವನಿಗೂ ಬಂದಿತ್ತು.

ಕುಣಿಯೊಳಗೆ ಇಳಿಸಿದ ಮೇಲೆ ಕೊನೆಯ ಸಲ ಎಲ್ಲರೂ ನೋಡಲೆಂದು ಮುಖದ ಬಟ್ಟೆ ಸರಿಸಿದರು. ಚಿತ್ರಾಳ ಗಂಡ ಗೋವರ್ಧನ ಅವ್ವನಿಗೆ ಮೂರು ಹಿಡಿ ಮಣ್ಣು ಹಾಕಿ, ಕುಣಿಯ ಪಕ್ಕದಲ್ಲೇ ಕೂತ.

"ಮೊಮ್ಮಗಳ ಕೈಲೂ ಒಂದಿಡಿ ಹಾಕ್ಸ್ರಿ," ಎಂದರು ಯಾರೋ.

ಗಂಗಕ್ಕ ಮಗುವನ್ನು ಎತ್ತಿಕೊಂಡೇ ಬಗ್ಗಿದಳು. ಕಾಟಲಿಂಗಪ್ಪ ಪುಟ್ಟ ಮುಷ್ಟಿಗೆ ಮಣ್ಣು ತುಂಬಿ, ಅದನ್ನು ತನ್ನ ಕೈಯಲ್ಲಿ ಹಿಡಿದು ಕುಣಿಯ ಕಡೆ ಎಳೆದ.

"ಕೈ ಬಿಡ್ರಿ ಮಾವ."

"ಹೊತ್ತಾಗ್ತೈತೆ ಕಣವ್ವ."

"ಆಗ್ಲಿ. ಬಿಡ್ರಿ ಅಂದೆ!"

ಹೆಣದ ಮುಂದೆ ಸೊಸೆ ಹೀಗೆ ಕಿರುಚಿದ್ದು ಅಲ್ಲಿದ್ದವರಿಗೆ ಒಂದು ವರ್ಷದ ಮಾತಿಗಾಗುವಷ್ಟಾಯಿತು. ಚಿತ್ರಾ ಮಗುವನ್ನು ಕಸಿದುಕೊಂಡು ಕುಣಿಯ ಅಂಚಿನಲ್ಲಿ ನೆಲಕ್ಕೆ ಕಾಲೂರಿಸಿ, ಸೊಂಟ ಹಿಡಿದು ನಿಲ್ಲಿಸಿದಳು. ಚೌಡಿ ಮುಷ್ಟಿ ಬಿಗಿದುಕೊಂಡು ಕೆಳಗೆ ನೋಡುತ್ತಿದ್ದಳು.

"ಅದುಕ್ಕೇನ್ ತಿಳೀತೈತೆ? ಸುಮ್ನೆ ನೀನೇ ಹಾಕ್ಸಿ ನಡಿಯವ್ವ," ಎಂದಳು ಗಂಗಕ್ಕ.

"ಕಾಯ್ರಿ," ಎಂದ ಗೋವರ್ಧನ, ಕೂತಲ್ಲಿಂದಲೇ. "ಅವ್ವ ಇದ್ದಿದ್ರೆ ಕಾಯ್ತಿದ್ಲು."

ಕಾದರು. ತಮಟೆ ನಿಂತಿತು. ಒಬ್ಬ ಬೀಡಿ ಹಚ್ಚಿದ, ಇನ್ನೊಬ್ಬ ಫೋನು ನೋಡಿದ. ಕಾಟಲಿಂಗಪ್ಪ ಹೊತ್ತನ್ನೂ ಮಗುವನ್ನೂ ಸರದಿಯ ಮೇಲೆ ನೋಡುತ್ತ ಹಲ್ಲು ಕಡಿಯುತ್ತಿದ್ದ. ಕೊನೆಗೆ ತಡೆಯಲಾರದೆ, ಹೆಣ ಇಳಿಸಲು ಕುಣಿಯಲ್ಲಿದ್ದವನಿಗೆ ಸನ್ನೆ ಮಾಡಿದ. ಅವನು ಬೋರಕ್ಕನ ಮುಖದ ಮೇಲೆ ಬಟ್ಟೆ ಎಳೆದು ಮೇಲೆ ಹತ್ತಿ ಬಂದ.

ಚೌಡಿಯ ಮುಷ್ಟಿ ಸಡಿಲವಾಯಿತು. ಮಣ್ಣು ಕುಣಿಗೆ ಬೀಳದೆ ಅವಳ ಕಾಲ ಮೇಲೇ ಬಿತ್ತು.

"ಬಿತ್ತಪ್ಪ, ಆಯ್ತು! ಎಳೀರಿ ಮಣ್ಣು," ಎಂದ ಕಾಟಲಿಂಗಪ್ಪ.

ಆಗ ಆ ಕೈ ಮೇಲೆದ್ದಿತು. ಮೊದಲು ಒಂದು, ಆಮೇಲೆ ಇನ್ನೊಂದು. ಎರಡೂ ಕೈ ನೇರ ಕುಣಿಯ ಕಡೆ ಚಾಚಿಕೊಂಡವು. ನೊಣ ಇರಲಿಲ್ಲ. ಗಂಗಕ್ಕ ಎತ್ತಿಕೊಳ್ಳಲು ಬಂದರೆ ಚೌಡಿ ಮುಖ ತಿರುಗಿಸಿ, ಮತ್ತೆ ಅಲ್ಲಿಗೇ ಚಾಚಿದಳು. ಕಾಟಲಿಂಗಪ್ಪನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು, ಕತ್ತು ತಿರುಗಿಸಿ ತನ್ನನ್ನು ಹಿಡಿದಿದ್ದ ಅವ್ವನ ಮುಖವನ್ನೂ ನೋಡಿದಳು.

ಮಣ್ಣೆಳೆಯಲು ಹೊರಟವರು ಸಲಿಕೆ ಹಿಡಿದು ನಿಂತುಬಿಟ್ಟರು.

"ಅತ್ತೇ," ಎಂದು ಚಿತ್ರಾ ಕುಣಿಯೊಳಗೆ ಬಗ್ಗಿ, ದಿನವೂ ಜಗಳವಾಡುತ್ತಿದ್ದ ಗಂಟಲಲ್ಲೇ ಕೂಗಿದಳು. "ನೋಡ್ರಿ ಇಲ್ಲಿ! ಕೇಳ್ತಾ ಐತೆ!"

ಚೌಡಿಯ ಬೆರಳುಗಳು ಕುಣಿಯ ಮೇಲೆ ತೆರೆದು ಮುಚ್ಚಿ, ಮತ್ತೆ ತೆರೆದುಕೊಂಡವು.