ಮರಿ ಕುಡಿಸುವ ಹೊತ್ತು

ಅಕ್ಷತಾಳ ರಿಬ್ಬನ್ನು ಫ್ಯಾನಿನ ಗಾಳಿಗೆ ಹಾರುತ್ತದೆ, ಕೂರುತ್ತದೆ, ಅವಳು ಆಗಲೇ ಎದ್ದು ಹೆಚ್ಚಿನ ಹಾಳೆ ಕೇಳಿದಳು, ಕಬ್ಬಿನ ಹೊಲದವರ ಮಗಳು, ಮನೆಗೇ ಟ್ಯೂಷನ್ನು, ನನ್ನದಿನ್ನೂ ಅರ್ಧ ಬಿಳಿ — ಗಾಬರಿ ಆಗಬ್ಯಾಡ ಮಾಯವ್ವಾ, ಬರೂದನ್ನ ಮೊದಲ ಬರಿ, ಗಣಿತದ ಗುರುಸಿದ್ದ ಸರ್ ಹೇಳಿ ಕಳಿಸಿದ್ದಾರೆ — ಅಂಗೈ ಹಾಳೆಗೆ ಅಂಟುತ್ತಿದೆ, ನಸುಕಿನಲ್ಲಿ ಮರಿಗಳಿಗೆ ಹಾಲು ಕುಡಿಸಿ, ಸೋಪು ಹಚ್ಚಿ ಉಜ್ಜಿ ಉಜ್ಜಿ ತೊಳೆದು ಜಮಖಂಡಿಯ ಬಸ್ಸು ಹತ್ತಿದ ಕೈ ಇದು. ಎಸ್ಸೆಸ್ಸೆಲ್ಸಿ ಗಣಿತ. ಸಮೀಕರಣ ಬಿಡಿಸಿರಿ. ಬಿಡಿಸಲೇಬೇಕು, ನನ್ನ ಅಕ್ಕ ಮಾದೇವಿಗೆ ಇದೇ ಗಣಿತ ಕೈಕೊಟ್ಟಿತು, ಗಲಗಲಿಯ ಹೊಳೆ ದಾಟಿ ಕುರಿ ಹಿಂದೆ ನಡೆದಳು, ಇವತ್ತಿಗೂ ನಡೆಯುತ್ತಿದ್ದಾಳೆ, ಫೇಲಾದರೆ ನಾನೂ — ಅಪ್ಪ ಬಯ್ಯುವುದಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಸುಮ್ಮನೆ ಕೈಗೆ ಕುರಿ ಕಾಯುವ ಕೋಲು ಕೊಡುತ್ತಾನೆ. ವರ್ಷಾ ವರ್ಷಾ ಗಣಿತಕ್ಕೆ ಬೀಳುವವರು ನಮ್ಮ ಹಟ್ಟಿಯವರೇ, ಕುರಿ ಕಾಯೂ ಬೀರಪ್ಪ ದೇವರ ಮಕ್ಕಳ ತಲಿಗೆ ಇದು ಹತ್ತೂದಿಲ್ಲ ಬಿಡ್ರಿ, ಹೆಡ್ ಮಾಸ್ತರರು ನಕ್ಕಿದ್ದರು, ನನಗೆ ಸಿಟ್ಟು ನೆತ್ತಿಗೇರಿತ್ತು. ಅದಕ್ಕೇ ಗುರುಸಿದ್ದ ಸರ್ ನಮಗೆಂದೇ ಬೇರೆ ಕ್ಲಾಸು ತೆಗೆದರು, ಸಂಜೆ. ಸಂಜೆ! ಮೇಯಲು ಹೋದ ಕುರಿ ತಿರುಗಿ ಬರುವ ಹೊತ್ತು, ದೊಡ್ಡಿಯೊಳಗೆ ಹಸಿದ ಮರಿಗಳು ಒಂದೇ ಸಮ ಒದರುವ ಹೊತ್ತು, ಒಂದೊಂದನ್ನೂ ಅದರದರ ತಾಯಿಗೆ ಹಚ್ಚದಿದ್ದರೆ ಸೊರಗಿ ಸಾಯುತ್ತವೆ, ಆಗ ಹಟ್ಟಿಯ ಯಾವ ಮಗು ಶಾಲೆಯಲ್ಲಿ ಕೂತೀತು? ಬಂದವಳು ಅಕ್ಷತಾ ಒಬ್ಬಳೇ, ಅವಳಿಗದು ಬೇಕಿರಲೂ ಇಲ್ಲ. ಬಯ್ಯಲೆಂದು ಸರ್ ಬೈಕೇರಿ ಹಟ್ಟಿಗೇ ಬಂದರು, ಅವ್ವನಿಗೆ ಮಾತಾಡಲು ಪುರುಸೊತ್ತಿಲ್ಲ, ಅವರ ಕೈಗೇ ಒಂದು ಮರಿ ಕೊಟ್ಟಳು, ತುಸು ಹಿಡೀರಿ ಸರ, ಇದರವ್ವ ಇನ್ನೂ ಬಂದಿಲ್ಲ — ಮರಿ ಅವರ ಅಂಗಿಯ ಗುಂಡಿ ಚೀಪತೊಡಗಿತು, ನಗು ತಡೆಯಲಾರದೆ ನಾನು ಬೆನ್ನು ತಿರುಗಿಸಿದೆ. ಮರುದಿನದಿಂದ ಗಣಿತ ಆಟದ ಪಿರಿಯಡ್ಡಿಗೆ ಬಂತು. ನಿಮ್ಮ ಮರಿ ಸಲುವಾಗಿ ನಮ್ಮ ಖೋಖೋ ಹೋತ್ ನೋಡಬೇ, ಅಂದಳು ಅಕ್ಷತಾ, ಅಂದವಳು ನನ್ನ ಪಕ್ಕಕ್ಕೇ ಬಂದು ಕೂತಳು, ಉಳಿದವರ ಹಾಗೆ ಮೂಗು ಮುಚ್ಚಲಿಲ್ಲ, ಆ ಹುಡುಗಿಯ ಮೇಲೆ ನನಗೆ ಎಷ್ಟು ಪ್ರೀತಿ — ಎಕ್ಸ್ ಈ ಕಡೆ, ಅಂಕಿ ಆ ಕಡೆ, ಚಿಹ್ನೆ ಬದಲು — ಬಂತು! ಬಂತೇ? ತಾಳೆ ನೋಡು. ಹೌದು, ಬಂತು, ಮುಂದಿನದೂ ಬರುತ್ತದೆ, ಬರಿ, ಬರಿ.

ಗಂಟೆ. ಪಾಸಾಗುವಷ್ಟು ಆದೀತೇ? ಪೇಪರ್ ತಿದ್ದೋರಿಗೆ ನೀ ಯಾರ ಪೈಕಿ ಅಂತ ಗೊತ್ತಾಗೂದಿಲ್ಲ ತಂಗಿ, ನಂಬರಷ್ಟ ಕಾಣ್ತದ, ಸರ್ ಮಾತು ಸುಳ್ಳಲ್ಲ, ಆದರೆ ಹಾಳೆಯ ಅಂಚಿನಲ್ಲಿ ನನ್ನ ಬೆವರಿನ ಒದ್ದೆ ಗುರುತು, ಬಗ್ಗಿ ಮೂಸುತ್ತೇನೆ, ಇದೆ, ಕುರಿ ವಾಸನೆ ಇದೆ, ಮೇಲ್ವಿಚಾರಕಿ ಮುಂದೆ ನಿಂತಿದ್ದಾರೆ, ಕೊಡವಾ ಇನ್ನ, ಎಷ್ಟೊತ್ತ ಹಿಡ್ಕೊಂಡ ಕುಂದರ್ತಿ, ಕೊಟ್ಟೆ, ಹೋಯಿತು, ಇನ್ನು ಯಾವುದೋ ಊರಿನಲ್ಲಿ ಯಾರೋ ಅದನ್ನು ತೆರೆಯುತ್ತಾರೆ — ತಾಯಿಕುರಿ ಮರಿಯ ಬಾಲ ಮೂಸುತ್ತದೆ, ತನ್ನದಾದರೆ ಹಾಲು, ಅಲ್ಲದಿದ್ದರೆ ಒದೆ — ಮೂಸುತ್ತಿದೆ, ಮರಿ ಬಾಯಿ ತೆರೆದುಕೊಂಡು ನಿಂತಿದೆ, ಇನ್ನೂ ಮೂಸುತ್ತಿದೆ, ಮರಿ ನಿಂತೇ ಇದೆ